ಹಟ ಕಂಡ ಕಣ್ಣು

ಗುಂಪು ಚದುರಿಸುವ ಕಾನೂನನ್ನು ನಾನು ಓದಿದ್ದು ರಮಾಬಾಯಿ ನಗರದ ಗೋಲಿಬಾರಿನ ನೆನಪಿಟ್ಟುಕೊಂಡೇ. 1973ರ ದಂಡ ಪ್ರಕ್ರಿಯಾ ಸಂಹಿತೆ, 129ನೇ ಕಲಮು. ಚದುರಿ ಅಂತ ಆಜ್ಞೆ ಕೊಡಬೇಕು; ಕೇಳದಿದ್ದರೆ ಬಲ ಬಳಸಬಹುದು. ಆಜ್ಞೆ ಕೊಡದೆಯೂ, ಇವರು ಚದುರೋದಿಲ್ಲ ಅನ್ನೋ ಹಟ ಕಂಡರೆ ಬಳಸಬಹುದು. ಕಂಡರೆ! ಯಾರ ಕಣ್ಣಿಗೆ? ಠಾಣಾಧಿಕಾರಿ ಇಲ್ಲದಾಗ ಒಬ್ಬ ಸಬ್ ಇನ್‌ಸ್ಪೆಕ್ಟರನ ಕಣ್ಣೇ ಸಾಕು.

1997ರ ಜುಲೈ 11, ಮುಂಬೈಯ ಘಾಟ್ಕೋಪರ್. ಅಂಬೇಡ್ಕರ್ ಪ್ರತಿಮೆಗೆ ಯಾರೋ ಚಪ್ಪಲಿ ಹಾರ ಹಾಕಿದ್ದರು. ರಮಾಬಾಯಿ ನಗರದ ದಲಿತರು ಹೆದ್ದಾರಿಗಿಳಿದರು. ಮೀಸಲು ಪೊಲೀಸರು ಗುಂಡು ಹಾರಿಸಿದರು. ಹತ್ತು ಜನ ಸತ್ತರು. ಗ್ಯಾಸ್ ಟ್ಯಾಂಕರಿಗೆ ಬೆಂಕಿ ಹಚ್ಚಲು ಹೊರಟಿದ್ದರು ಅನ್ನೋದು ಪೊಲೀಸರ ವಾದ. ಕೈಲಿ ಏನಿದೆ, ಎಷ್ಟು ದೂರದಲ್ಲಿದ್ದಾರೆ ಅಂತ ಅಳೆಯಬೇಕಾದ ಕಣ್ಣು ಯಾವ ಕೇರಿಯವರು ಅಂತ ಅಳೆದರೆ ಲಾಠಿ, ಅಶ್ರುವಾಯು ಎಲ್ಲಾ ದಾಟಿ ನೇರ ಬಂದೂಕೇ. ‘ಉದ್ರಿಕ್ತ ಗುಂಪು’ ಅಂತ ಬರೆಯೋದು ಆಮೇಲೆ. (ನಮ್ಮ ವಿಮರ್ಶಕರು ಪಂಚನಾಮೆಗಳನ್ನೂ ಓದಬೇಕು ಅಂತ ನಾನು ಜಗಳ ಆಡೋದು ಇದಕ್ಕೇ.)

ಗುಂಡೇವಾರ್ ಆಯೋಗ ಆ ಗೋಲಿಬಾರ್ ಅಗತ್ಯವಿರಲಿಲ್ಲ ಎಂದಿತು. 2009ರಲ್ಲಿ ಸೆಷನ್ಸ್ ನ್ಯಾಯಾಲಯ ಆದೇಶ ಕೊಟ್ಟ ಸಬ್ ಇನ್‌ಸ್ಪೆಕ್ಟರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಆತ ಜಾಮೀನಿನ ಮೇಲೆ ಹೊರಬಂದ.

2024ರ ಜುಲೈ 1ರಿಂದ 129 ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 148 ಬಂದಿದೆ. ‘ಹಟ ಕಂಡರೆ’ ಅನ್ನೋದು ಅಲ್ಲೂ ಹಾಗೇ ಕೂತಿದೆ.