ಕುರಿ–ಮೇಕೆಗಳಲ್ಲಿ ಪ್ರತಿಜೀವಕಗಳು ಹಾಗೂ ಹೃದಯದ ಮೇಲೆ ವರ್ತಿಸುವ ಔಷಧಗಳು: ಚಳ್ಳಕೆರೆ, ಮೊಳಕಾಲ್ಮೂರು ಭಾಗದ ಸಾಕಣೆದಾರರಿಗೆ ಮಾಹಿತಿ

ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳ ಸಾಲಿನಲ್ಲಿವೆ. ಶೇಂಗಾ ಕೈಕೊಟ್ಟ ವರ್ಷ ಕುಟುಂಬವನ್ನು ಹಿಡಿದು ನಿಲ್ಲಿಸುವುದು ಕುರಿ ಹಿಂಡು. ಹೀಗಾಗಿ ಕುರಿ ಮಂಕಾದೊಡನೆ ಔಷಧದಂಗಡಿಯಿಂದ ಇಂಜೆಕ್ಷನ್ ತಂದು ತಾವೇ ಚುಚ್ಚುವುದುಂಟು. ಇದರಲ್ಲಿ ಎರಡು ಬಗೆಯ ಹಾನಿಯಿದೆ: ಔಷಧವು ರೋಗಕ್ಕೆ ತಾಗದಿರುವುದು ಒಂದು, ಔಷಧವೇ ಹೃದಯಕ್ಕೆ ತಾಗುವುದು ಇನ್ನೊಂದು. ಎರಡನೆಯದರ ತಿಳಿವಳಿಕೆ ಕಡಿಮೆಯಿರುವುದರಿಂದ ಇಲ್ಲಿ ಅದನ್ನೇ ಹೆಚ್ಚು ವಿವರಿಸಲಾಗಿದೆ.

ಪ್ರತಿಜೀವಕಗಳ ಕ್ರಿಯೆ

ಪೆನಿಸಿಲಿನ್ ಬ್ಯಾಕ್ಟೀರಿಯಾದ ಕೋಶಭಿತ್ತಿ ಕಟ್ಟಿಕೊಳ್ಳುವುದನ್ನು ತಡೆಯುತ್ತದೆ. ಪ್ರಾಣಿಯ ಜೀವಕೋಶಕ್ಕೆ ಅಂತಹ ಭಿತ್ತಿಯೇ ಇಲ್ಲವಾದ್ದರಿಂದ, ಅಲರ್ಜಿಯ ಸಂದರ್ಭವನ್ನು ಬಿಟ್ಟರೆ, ಕುರಿಗೆ ಅದು ಬಹುಮಟ್ಟಿಗೆ ನಿರಪಾಯಕಾರಿ. ಆಕ್ಸಿಟೆಟ್ರಾಸೈಕ್ಲಿನ್ ಬ್ಯಾಕ್ಟೀರಿಯಾ ತಯಾರಿಸುವ ಪ್ರೋಟೀನನ್ನು ನಿಲ್ಲಿಸಿ ಅದರ ಬೆಳವಣಿಗೆಯನ್ನು ತಡೆಹಿಡಿಯುತ್ತದೆ. ಉಳಿದುದನ್ನು ಕುರಿಯ ರೋಗನಿರೋಧಕ ಶಕ್ತಿಯೇ ಮುಗಿಸಬೇಕು. ಆದ್ದರಿಂದ ಚೇತರಿಕೆ ಕಂಡ ದಿನವೇ ಚಿಕಿತ್ಸೆ ನಿಲ್ಲಿಸಬಾರದು.

ಪಿಪಿಆರ್, ನೀಲಿ ನಾಲಿಗೆ ರೋಗ, ಕುರಿ ಸಿಡುಬು ಇವು ವೈರಸ್‌ನಿಂದ ಬರುವ ರೋಗಗಳು. ಇವುಗಳ ಮೇಲೆ ಯಾವ ಪ್ರತಿಜೀವಕವೂ ಕೆಲಸ ಮಾಡದು. ನಂತರ ಸೇರಿಕೊಳ್ಳುವ ನ್ಯುಮೋನಿಯಾಕ್ಕೆ ಮಾತ್ರ ಉಪಯೋಗ. ಕರುಳುಬೇನೆಯಲ್ಲಿ ವಿಷವು ಕೆಲವೇ ಗಂಟೆಗಳಲ್ಲಿ ಕೊಲ್ಲುವುದರಿಂದ ಮಳೆಗಾಲಕ್ಕೆ ಮುನ್ನ ಲಸಿಕೆ ಹಾಕಿಸುವುದೇ ಉಪಾಯ.

ಪ್ರತಿ ಮಿಲಿಲೀಟರಿಗೆ 200 ಮಿಲಿಗ್ರಾಂ ಇರುವ ದೀರ್ಘಕಾಲಿಕ ಆಕ್ಸಿಟೆಟ್ರಾಸೈಕ್ಲಿನ್‌ನ ವಾಡಿಕೆಯ ಪ್ರಮಾಣ 10 ಕಿಲೋ ತೂಕಕ್ಕೆ 1 ಮಿಲಿಲೀಟರ್. 25 ಕಿಲೋ ಕುರಿಗೆ 2.5 ಮಿಲಿಲೀಟರ್ ಬೇಕು. ಕಣ್ಣಂದಾಜಿನಲ್ಲಿ ಹಿಂಡಿಗೆಲ್ಲ ಒಂದೇ ಅಳತೆ ಚುಚ್ಚಿದರೆ ದೊಡ್ಡ ಕುರಿಗಳಿಗೆ ಔಷಧ ಸಾಲದೆ ಬ್ಯಾಕ್ಟೀರಿಯಾಗಳು ಅದಕ್ಕೆ ಒಗ್ಗಿಕೊಳ್ಳುತ್ತವೆ. ಚೀಟಿಯಲ್ಲಿ ಬೇರೆ ಅವಧಿ ನಮೂದಿಸದಿದ್ದಲ್ಲಿ ಕೊನೆಯ ಡೋಸಿನ ನಂತರ ಮಾಂಸಕ್ಕೆ 28 ದಿನ, ಹಾಲಿಗೆ 7 ದಿನ ಕಾಯತಕ್ಕದ್ದು. ಔಷಧ ನಿಯಮಗಳಿಗೆ 2012ರಲ್ಲಿ ತಂದ ತಿದ್ದುಪಡಿಯು ಹೀಗೆ ವಿಧಿಸುತ್ತದೆ. ಚುಚ್ಚಿದ ವಾರವೇ ಸಂತೆಗೆ ಹೊಡೆಯುವುದು ಇದಕ್ಕೆ ವಿರುದ್ಧ.

ಹೃದಯದ ಔಷಧ ಮತ್ತು ಕಣಗಿಲೆ

ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲಿ ಡಿಜಿಟಾಲಿಸ್ ಗಿಡದ ಎಲೆಯ ಬಳಕೆಯನ್ನು ಕುರಿತು ಬರೆದನು. ಅದೇ ವರ್ಗದ ಗಿಡದಿಂದ ಬಂದ ಡಿಗಾಕ್ಸಿನ್ ಇಂದಿಗೂ ಮನುಷ್ಯರ ಹೃದಯದೌರ್ಬಲ್ಯಕ್ಕೆ ಬಳಕೆಯಲ್ಲಿದೆ. ಹೃದಯದ ಜೀವಕೋಶದಿಂದ ಸೋಡಿಯಂ ಹೊರಹಾಕುವ ಪಂಪನ್ನು ಅದು ತಡೆಯುತ್ತದೆ. ಒಳಗೆ ಸೋಡಿಯಂ, ಅದರ ಹಿಂದೆ ಕ್ಯಾಲ್ಸಿಯಂ ಹೆಚ್ಚಿ ಹೃದಯದ ಬಡಿತ ಬಲಗೊಳ್ಳುತ್ತದೆ, ಗತಿ ನಿಧಾನವಾಗುತ್ತದೆ. ಪೆನಿಸಿಲಿನ್‌ನಂತೆ ಇಲ್ಲಿ ವಿಶಾಲವಾದ ಅಂತರವಿಲ್ಲ. ಗುಣಕಾರಿ ಪ್ರಮಾಣವನ್ನು ತುಸು ಮೀರಿದರೂ ಬಡಿತ ತಪ್ಪುತ್ತದೆ.

ಕೆಂಪು, ಬಿಳಿ, ಹಳದಿ ಕಣಗಿಲೆಗಳಲ್ಲಿರುವುದು ಇದೇ ಬಗೆಯ ವಿಷ. ಎಕ್ಕದ ಹಾಲಿನಲ್ಲಿಯೂ ಇದೆ. ಕುದಾಪುರ, ಉಳ್ಳಾರ್ತಿ ಕಡೆಯ ಅಮೃತಮಹಲ್ ಕಾವಲುಗಳ ಬಹುಭಾಗ ಸಂಸ್ಥೆಗಳಿಗೆ ಹಂಚಿಕೆಯಾದ ಮೇಲೆ ಮೇವಿನ ನೆಲ ಕುಗ್ಗಿದೆ. ಹಿಂಡುಗಳು ರಸ್ತೆಯಂಚು, ಬೇಲಿಸಾಲುಗಳಲ್ಲಿ ಹೆಚ್ಚು ಮೇಯುವಾಗ ಈ ಗಿಡದ ಮೇಲೆ ಕಣ್ಣಿರಬೇಕು. ಬೆಳೆದ ಹಸುವಿಗೆ 10ರಿಂದ 20 ಕಣಗಿಲೆ ಎಲೆ ಮಾರಕವಾಗಬಲ್ಲದು. ಕುರಿಗೆ ಅದಕ್ಕಿಂತ ಎಷ್ಟೋ ಕಡಿಮೆ ಸಾಕು. ಹಸಿ ಎಲೆ ಕಹಿಯಾದ್ದರಿಂದ ಕುರಿ ಸಾಮಾನ್ಯವಾಗಿ ಮುಟ್ಟದು, ಆದರೆ ಕತ್ತರಿಸಿ ಎಸೆದ ರೆಂಬೆ ಬಾಡಿದಾಗ ತಿನ್ನುತ್ತದೆ. ಒಣಗಿದರೂ ವಿಷ ಇಳಿಯದು.

ಜೊಲ್ಲು, ಹೊಟ್ಟೆನೋವು, ಕೆಲವೊಮ್ಮೆ ರಕ್ತಮಿಶ್ರಿತ ಭೇದಿ, ತಣ್ಣಗಾದ ಕಿವಿ–ಕಾಲುಗಳು, ಎಡವುವ ನಾಡಿ ಇವು ಲಕ್ಷಣಗಳು. ಆರೋಗ್ಯವಂತ ಕುರಿಯ ನಾಡಿ ವಿಶ್ರಾಂತಿಯಲ್ಲಿ ನಿಮಿಷಕ್ಕೆ 70ರಿಂದ 90. ತೊಡೆಯ ಒಳಬದಿಯಲ್ಲಿ ಬೆರಳಿಟ್ಟು ಎಣಿಸಬಹುದು. ಕುರಿಯನ್ನು ಓಡಿಸದೆ ನೆರಳಿನಲ್ಲಿರಿಸಿ, ತಿಂದ ಎಲೆಯ ತುಣುಕನ್ನು ಎತ್ತಿಟ್ಟುಕೊಂಡು ವೈದ್ಯರನ್ನು ಕರೆಯಬೇಕು. ಬಿದ್ದ ಕುರಿಗೆ ಕ್ಯಾಲ್ಸಿಯಂ ಬಾಟಲಿ ಏರಿಸುವ ರೂಢಿ ಇಲ್ಲಿ ಅಪಾಯಕಾರಿ. ಈಗಾಗಲೇ ಕ್ಯಾಲ್ಸಿಯಂ ತುಂಬಿದ ಹೃದಯಕ್ಕೆ ಇನ್ನಷ್ಟು ಸೇರಿಸಿದಂತಾಗುತ್ತದೆ.

ಹೃದಯಕ್ಕೆ ತಾಗುವ ಪ್ರತಿಜೀವಕಗಳು

ಕೋಳಿಗಳ ರಕ್ತಭೇದಿ ತಡೆಯಲು ಆಹಾರದಲ್ಲಿ ಬೆರೆಸುವ ಮೊನೆನ್ಸಿನ್ ಕೂಡ ಒಂದು ಪ್ರತಿಜೀವಕ. ಅದು ಸೋಡಿಯಂ ಅನ್ನು ಜೀವಕೋಶದೊಳಕ್ಕೆ ನುಗ್ಗಿಸಿ ಹೃದಯದ ಸ್ನಾಯುವನ್ನೇ ನಾಶಮಾಡಬಲ್ಲದು. ಕೋಳಿ ತಾಳುವ ಪ್ರಮಾಣ ಕುರಿಗೆ ಮಾರಕ. ಕುದುರೆಗಂತೂ ಇನ್ನೂ ಕಡಿಮೆ ಸಾಕು. ಆದ್ದರಿಂದ ಬರಗಾಲದಲ್ಲಿ ಅಗ್ಗವೆಂದು ಕೋಳಿ ಆಹಾರವನ್ನು ಕುರಿಗೆ ಹಾಕಬಾರದು. ಟಿಲ್ಮಿಕೋಸಿನ್ ಇಂಜೆಕ್ಷನ್ ಮೇಕೆಯ ಹೃದಯವನ್ನು ನಿಲ್ಲಿಸಬಲ್ಲದು. ಕೈಜಾರಿ ಚುಚ್ಚಿಕೊಂಡ ಮನುಷ್ಯರೂ ಸತ್ತಿದ್ದಾರೆ, ಅದಕ್ಕೆ ಪ್ರತ್ಯೌಷಧವಿಲ್ಲ. ಆಕ್ಸಿಟೆಟ್ರಾಸೈಕ್ಲಿನ್ ರಕ್ತನಾಳಕ್ಕೆ ಬೇಗನೆ ಹೋದರೆ ರಕ್ತದ ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡು ಕುರಿ ಕುಸಿಯುವಂತೆ ಮಾಡುತ್ತದೆ. ಸೂಜಿ ಚುಚ್ಚಿದ ಮೇಲೆ ಹಿಂದಕ್ಕೆಳೆದು, ರಕ್ತ ಬಾರದಿದ್ದರೆ ಮಾತ್ರ ಔಷಧ ಬಿಡಬೇಕು.

ಮನೆಯ ಹಿರಿಯರ ಮಾತ್ರೆಗಳೂ ಪಶು ಔಷಧಗಳೂ ಒಂದೇ ಗೂಡಿನಲ್ಲಿರಬಾರದು. ಡಿಗಾಕ್ಸಿನ್ ಸೇವಿಸುವವರು ಎರಿತ್ರೋಮೈಸಿನ್ ಅಥವಾ ಕ್ಲಾರಿತ್ರೋಮೈಸಿನ್ ತೆಗೆದುಕೊಂಡರೆ ರಕ್ತದಲ್ಲಿ ಡಿಗಾಕ್ಸಿನ್ ಏರಿ ವಿಷವಾಗಬಹುದು. ವೈದ್ಯರಿಗೆ ಎರಡನ್ನೂ ತೋರಿಸಬೇಕು.

ತುರ್ತು ಸಂದರ್ಭದಲ್ಲಿ ತಾಲ್ಲೂಕು ಪಶು ಆಸ್ಪತ್ರೆಯನ್ನು ಅಥವಾ 1962 ಸಹಾಯವಾಣಿಯನ್ನು ಸಂಪರ್ಕಿಸಬಹುದು. ಕರೆ ಮಾಡುವಾಗ ಕುರಿಯ ಅಂದಾಜು ತೂಕ, ನಾಡಿಯ ಎಣಿಕೆ, ಮೇಯ್ದ ಜಾಗ, ಈಗಾಗಲೇ ಚುಚ್ಚಿದ ಔಷಧದ ಹೆಸರು ಮತ್ತು ವೇಳೆಯನ್ನು ತಿಳಿಸಿ. ಖಾಲಿ ಬಾಟಲಿಯನ್ನು ಎಸೆಯದೆ ಇಟ್ಟುಕೊಂಡಿರಿ.