ನಿಪ್ಪಾಣಿಯ ಘಾಟು

ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ನಿಪ್ಪಾಣಿಯನ್ನು ಹಾಯ್ದು ಹೋದವರಿಗೆ ತಂಬಾಕಿನ ಘಾಟನ್ನು ನಾನು ಪರಿಚಯಿಸಬೇಕಾಗಿಲ್ಲ. ಆ ಘಾಟಿಗೂ ಒಂದು ಇತಿಹಾಸವಿದೆ. ಆದರೆ ನಾವು ಬರೆದಿಟ್ಟುಕೊಂಡದ್ದು ಅದರ ಅರ್ಧವನ್ನಷ್ಟೇ ಎಂದು ನನ್ನ ಎಣಿಕೆ.

ಬರೆದಿಟ್ಟ ಅರ್ಧ ಬೆಲೆಯದು. 1981ರಲ್ಲಿ ಶರದ್ ಜೋಶಿಯವರ ಮುಂದಾಳುತನದಲ್ಲಿ ಇಲ್ಲಿಯ ತಂಬಾಕು ಬೆಳೆಗಾರರು ನ್ಯಾಯವಾದ ಬೆಲೆಗಾಗಿ ಹೆದ್ದಾರಿಯನ್ನು ತಡೆದು ಕುಳಿತರು. ಏಪ್ರಿಲ್ ತಿಂಗಳಲ್ಲಿ ಪೊಲೀಸರ ಗುಂಡಿಗೆ ರೈತರು ಬಲಿಯಾದರು. ಅದು ಜನರ ನೆನಪಿನಲ್ಲಿ ಉಳಿದಿದೆ. ಅದೇ ಕಾಲದಲ್ಲಿ ವಖಾರಿಗಳೊಳಗೆ ತಂಬಾಕು ಬಡಿದು, ಸಾಣಿಸಿ, ಚೀಲ ತುಂಬುತ್ತಿದ್ದ ಸಾವಿರಾರು ಹೆಂಗಸರೂ ಸಂಘ ಕಟ್ಟಿಕೊಂಡು ಕೂಲಿಗಾಗಿ ಹೋರಾಡಿದರು. ಯುಗಾಂತರ ಎಂಬ ಮಹಿಳಾ ಚಿತ್ರತಂಡವು 1982ರಲ್ಲಿ ಅವರನ್ನು ಕುರಿತು ಸಾಕ್ಷ್ಯಚಿತ್ರವನ್ನೇ ತೆಗೆಯಿತು.

ಬರೆಯದೆ ಉಳಿದ ಅರ್ಧ ಉಸಿರಿನದು. ನಮ್ಮ ಶ್ವಾಸನಾಳದ ಒಳಮೈಗೆ ಹಾಸಿದ ಜೀವಕೋಶಗಳ ಮೇಲೆ ಅತಿ ಸಣ್ಣ ರೋಮಗಳಿವೆ. ಒಳಹೊಕ್ಕ ಧೂಳನ್ನು ತೆಳುವಾದ ಲೋಳೆ ಹಿಡಿದಿಡುತ್ತದೆ; ರೋಮಗಳು ಅದನ್ನು ಗಂಟಲಿನತ್ತ ತಳ್ಳುತ್ತವೆ. ಲೋಳೆ ತೆಳುವಾಗಿರಬೇಕಾದರೆ ಕೋಶಗಳಲ್ಲಿರುವ ಉಪ್ಪಿನ ಬಾಗಿಲು ಸರಿಯಾಗಿ ತೆರೆಯಬೇಕು.

ಈ ಬಾಗಿಲಿನ ಮಹತ್ವವನ್ನು ಜಗತ್ತಿಗೆ ತಿಳಿಸಿದ್ದು ಒಂದು ಹುಟ್ಟುರೋಗ, ಸಿಸ್ಟಿಕ್ ಫೈಬ್ರೋಸಿಸ್. ಅಮೆರಿಕದ ವೈದ್ಯೆ ಡೊರೊತಿ ಆಂಡರ್ಸನ್ ಅದನ್ನು 1938ರಲ್ಲಿ ವಿವರಿಸಿದರು. ಬಾಗಿಲನ್ನು ಕೆಡಿಸುವ ವಂಶವಾಹಿ 1989ರಲ್ಲಿ ಪತ್ತೆಯಾಯಿತು. ಬಾಗಿಲು ಕೆಟ್ಟು ಹುಟ್ಟಿದ ಮಗುವಿನಲ್ಲಿ ಲೋಳೆ ಗಟ್ಟಿಯಾಗುತ್ತದೆ, ರೋಗಾಣುಗಳು ಬೀಡುಬಿಡುತ್ತವೆ. ಅವುಗಳೊಡನೆ ಕಾದಲು ಬಂದ ಬಿಳಿ ರಕ್ತಕಣಗಳು ಸುರಿಸುವ ರಸಗಳೇ ಒಳಮೈಯನ್ನು ಸವೆಸುತ್ತವೆ. ಉರಿಯೂತ ಆರುವುದೇ ಇಲ್ಲ.

ಇದಕ್ಕೂ ನಿಪ್ಪಾಣಿಗೂ ಏನು ನಂಟು ಎಂದು ವಾಚಕರು ಕೇಳಬಹುದು. ಬಾಗಿಲು ನೆಟ್ಟಗಿದ್ದು ಹುಟ್ಟಿದವರಲ್ಲಿಯೂ ಸಿಗರೇಟಿನ ಹೊಗೆ ಅದೇ ಬಾಗಿಲನ್ನು ಮಂಕುಗೊಳಿಸುತ್ತದೆ ಎಂಬುದನ್ನು ವಿಜ್ಞಾನಿಗಳು ಈಚಿನ ದಶಕಗಳಲ್ಲಿ ಕಂಡುಕೊಂಡಿದ್ದಾರೆ. ವಿಧಿ ಕೆಲವು ಮಕ್ಕಳಿಗೆ ಮಾಡಿದ್ದನ್ನು ಹೊಗೆ ಅನೇಕರಿಗೆ ಸ್ವಲ್ಪಮಟ್ಟಿಗಾದರೂ ಮಾಡುತ್ತದೆ. ವಖಾರಿಯ ಧೂಳು ಹೊಗೆಯಲ್ಲ, ನಿಜ. ಅದರ ದಾರಿ ಬೇರೆ. ಆದರೂ ಕೆರಳುವ ಒಳಮೈ ಅದೇ, ಕೆಮ್ಮುವ ಎದೆಯೂ ಅದೇ. ಎಲೆಯನ್ನು ಸಾಣಿಸಿದವಳಿಗೂ ಬೀಡಿಯನ್ನು ಸೇದಿದವನಿಗೂ ಒಂದೇ ಬೆಳೆ ಎರಡು ತುದಿಯಿಂದ ಕಾಟ ಕೊಡುತ್ತದೆ.

ಬೀಡಿ-ಸಿಗಾರ್ ಕಾರ್ಮಿಕರಿಗಾಗಿ 1966ರಲ್ಲಿ ಬಂದ ಕಾಯಿದೆ ಕೆಲಸದ ಜಾಗದ ಸ್ವಚ್ಛತೆ, ಗಾಳಿಯಾಟಗಳನ್ನು ಹೆಸರಿಸಿತ್ತು. ತಂಬಾಕಿನ ಬೆಲೆಯನ್ನು ನಾವು ಕ್ವಿಂಟಲಿನ ಲೆಕ್ಕದಲ್ಲಿ ಬರೆದಿಟ್ಟಿದ್ದೇವೆ. ಚಿಕ್ಕೋಡಿ ಸೀಮೆಯ ಇತಿಹಾಸವನ್ನು ಮುಂದೆ ಬರೆಯುವವರು ಆ ಹೆಂಗಸರ ಕೆಮ್ಮನ್ನೂ ದಾಖಲೆಯೆಂದೇ ಎಣಿಸಲಿ. ನನ್ನ ಬಿನ್ನಹ ಇಷ್ಟೇ.