ಪಿ.ಪಿ. ನಂಬರಿನಿಂದ ಪೋರ್ಟ್ ಫಾರ್ವರ್ಡಿಂಗ್ ತನಕ

ಹಳೇ ಮದುವೆ ಕರೆಯೋಲೆ, ವಿಸಿಟಿಂಗ್ ಕಾರ್ಡುಗಳನ್ನು ಗಮನಿಸಿದ್ದೀರಾ? ಫೋನ್ ನಂಬರಿನ ಪಕ್ಕ ಪುಟ್ಟದಾಗಿ 'ಪಿ.ಪಿ.' ಅಂತ ಅಚ್ಚಾಗಿರುತ್ತಿತ್ತು. ಟ್ರಂಕ್ ಕಾಲ್ ಕಾಲದ 'ಪರ್ಟಿಕ್ಯುಲರ್ ಪರ್ಸನ್' ಅನ್ನೋದರ ಗಿಡ್ಡ ರೂಪ ಅದು. ಈ ಫೋನ್ ನಮ್ಮದಲ್ಲ, ಪಕ್ಕದವರದ್ದು, ನಮ್ಮ ಹೆಸರು ಹೇಳಿದರೆ ಕರೆದು ಕೊಡುತ್ತಾರೆ ಅಂತ ಅರ್ಥ. ಕಡೂರು ತಾಲ್ಲೂಕಿನ ನಮ್ಮ ಯಗಟಿಯಲ್ಲೂ ಹಾಗೇ ಇತ್ತು ಅಂತ ಅಪ್ಪ ಹೇಳುತ್ತಿರುತ್ತಾರೆ. ಬೆಂಗಳೂರಿನಿಂದ ಚಿಕ್ಕಪ್ಪ ಅಂಗಡಿಗೆ ಫೋನ್ ಮಾಡಿದರೆ, "ಹತ್ತು ನಿಮಿಷ ಬಿಟ್ಟು ಮಾಡಪ್ಪ, ನಿಮ್ಮಣ್ಣನ್ನ ಕರೆಸ್ತೀನಿ" ಅಂತ ಅಂಗಡಿಯವರು ಹುಡುಗನನ್ನು ಓಡಿಸುತ್ತಿದ್ದರಂತೆ.

ಊರಿಗೊಂದು ಫೋನ್, ಹತ್ತಾರು ಮನೆ. ಈಗ ನಮ್ಮ ಮನೆಗಳಲ್ಲಿ ಮಿಣಿಮಿಣಿ ಅನ್ನೋ ವೈಫೈ ರೂಟರ್ ಮಾಡುತ್ತಿರೋದೂ ಇದೇ ಅಂಗಡಿಯವರ ಕೆಲಸ. ಪೋರ್ಟ್ ಫಾರ್ವರ್ಡಿಂಗ್, ಪೋರ್ಟ್ ಟ್ರಿಗರಿಂಗ್ ಅನ್ನೋ ಹೆಸರು ಕೇಳಿ ಹೆದರಬೇಡಿ. ಇವು ಯಾಕೆ ಬಂದವು ಅನ್ನೋ ಕಥೆ ಗೊತ್ತಾದರೆ, ಹೇಗೆ ಮಾಡೋದು ಅನ್ನೋದು ತಾನಾಗೇ ಅರ್ಥವಾಗುತ್ತೆ.

ಮೊದಲಿಗೆ ಅಂತರ್ಜಾಲದಲ್ಲಿ ಈ ಪಿ.ಪಿ. ವ್ಯವಹಾರವೇ ಇರಲಿಲ್ಲ. 1981ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಐಪಿ ನಾಲ್ಕನೇ ಆವೃತ್ತಿಯ ಪ್ರಕಾರ ಪ್ರತಿ ಯಂತ್ರಕ್ಕೂ 32 ಬಿಟ್‌ಗಳ ವಿಳಾಸ. ಲೆಕ್ಕ ಹಾಕಿದರೆ ಸುಮಾರು 429 ಕೋಟಿ ವಿಳಾಸಗಳು. ಒಂದೊಂದು ವಿಳಾಸದ ಒಳಗೂ 65 ಸಾವಿರಕ್ಕೂ ಹೆಚ್ಚು 'ಪೋರ್ಟ್'ಗಳು, ಅಂದರೆ ಒಂದೇ ಮನೆಗೆ ಅಷ್ಟು ಬಾಗಿಲು. 25ನೇ ಬಾಗಿಲಲ್ಲಿ ಮಿಂಚಂಚೆ, ಆಮೇಲೆ ಬಂದ ವೆಬ್‌ಗೆ 80ನೇ ಬಾಗಿಲು, ಹೀಗೆ. 1983ರ ಜನವರಿ 1ರಂದು ಅರ್ಪಾನೆಟ್ ಈ ಹೊಸ ಪದ್ಧತಿಗೆ ಬದಲಾಯಿತು. ಅಲ್ಲಿದ್ದ ತತ್ವ ಸರಳ: ಯಾವ ಯಂತ್ರ ಬೇಕಾದರೂ ಇನ್ನೊಂದು ಯಂತ್ರವನ್ನು ನೇರವಾಗಿ ಕರೆಯಬಹುದು. ಕರೆಯುವವನು ಬೇರೆ, ಕರೆಸಿಕೊಳ್ಳುವವನು ಬೇರೆ ಅನ್ನೋ ಭೇದ ಇಲ್ಲ. ಎಲ್ಲರೂ ಸಮಾನರು!

ಆದರೆ ಹಂಚಿದ್ದು ಮಾತ್ರ ಸಮಾನವಾಗಿ ಅಲ್ಲ. ಐಬಿಎಂ, ಎಂಐಟಿ, ಫೋರ್ಡ್ ಕಂಪನಿ, ಇಂಥ ಒಂದೊಂದು ಸಂಸ್ಥೆಗೂ ಒಂದೂಮುಕ್ಕಾಲು ಕೋಟಿಯ ಆಸುಪಾಸಿನ ವಿಳಾಸಗಳ ಇಡೀ ಹೋಬಳಿಯನ್ನೇ ಬರೆದುಕೊಟ್ಟುಬಿಟ್ಟಿದ್ದರು. 90ರ ದಶಕದ ಆರಂಭದಲ್ಲೇ ವಿಳಾಸಗಳು ಖಾಲಿಯಾಗುತ್ತವೆ ಅನ್ನೋ ಭಯ ಶುರುವಾಯಿತು. ಪರಿಹಾರ ಎರಡು ಬಂದವು. ದೂರಗಾಮಿ ಪರಿಹಾರ ಐಪಿ ಆರನೇ ಆವೃತ್ತಿ, 128 ಬಿಟ್‌ಗಳ ವಿಳಾಸ. ಅದರ ಮೊದಲ ನಿಯಮಾವಳಿ ಬಂದದ್ದು 1995ರ ಡಿಸೆಂಬರ್‌ನಲ್ಲಿ. ಅಲ್ಲಿಯ ತನಕ ಸುಧಾರಿಸಿಕೊಳ್ಳಲು ಒಂದು ತಾತ್ಕಾಲಿಕ ಉಪಾಯವನ್ನು ಕೆಲ್ಡ್ ಎಗೆವಾಂಗ್ ಮತ್ತು ಪಾಲ್ ಫ್ರಾನ್ಸಿಸ್ 1994ರ ಮೇ ತಿಂಗಳಲ್ಲಿ ಬರೆದರು. ಅದೇ 'ನ್ಯಾಟ್', ವಿಳಾಸ ಬದಲಾಯಿಸುವ ವಿದ್ಯೆ. ಇದು ಅಲ್ಪಾವಧಿಯ ಪರಿಹಾರ ಅಂತ ಅವರೇ ಅದರಲ್ಲಿ ಹೇಳಿದ್ದಾರೆ. ಆ 'ಅಲ್ಪಾವಧಿ'ಗೆ ಈಗ ಮೂವತ್ತು ವರ್ಷ ದಾಟಿದೆ :-)

ಅದೇ ಹೊತ್ತಿಗೆ ಖಾಸಗಿ ವಿಳಾಸಗಳ ಬಗ್ಗೆ ಜಗಳವೂ ಆಯಿತು. ಒಳಗಿನ ಬಳಕೆಗೆ ಕೆಲವು ವಿಳಾಸಗಳನ್ನು ಬೇರೆ ಇಡೋಣ ಅಂತ 1994ರ ಮಾರ್ಚ್‌ನಲ್ಲಿ ಒಂದು ಪ್ರಕಟಣೆ ಬಂತು. ಜುಲೈನಲ್ಲೇ ಅದು ಹಾನಿಕರ ಅಂತ ಇನ್ನೊಂದು ಪ್ರಕಟಣೆ ಬಂತು. ಅವರ ಆಕ್ಷೇಪದ ತಿರುಳು ಇಷ್ಟೇ: ಒಂದು ವಿಳಾಸ ಜಗತ್ತಿನಲ್ಲಿ ಒಂದೇ ಯಂತ್ರದ್ದು ಅನ್ನೋ ಅಡಿಪಾಯವನ್ನು ಅಲುಗಾಡಿಸಬೇಡಿ. ಸೋತದ್ದು ಅವರೇ. 1996ರ ಫೆಬ್ರವರಿಯಲ್ಲಿ ನಿಯಮ ಗಟ್ಟಿಯಾಯಿತು. ನಮ್ಮ ನಿಮ್ಮೆಲ್ಲರ ಮನೆಯ 192.168 ಎಂದು ಶುರುವಾಗುವ ವಿಳಾಸ ಆ ಮೂರು ಖಾಸಗಿ ಗುಂಪುಗಳಲ್ಲಿ ಒಂದು. ನಿಮ್ಮ ಮನೆಯಲ್ಲೂ ಅದೇ, ನನ್ನ ಮನೆಯಲ್ಲೂ ಅದೇ. ಹೊರಗಿನವರಿಗೆ ಆ ವಿಳಾಸಕ್ಕೆ ಅರ್ಥವಿಲ್ಲ.

ರೂಟರ್ ಏನು ಮಾಡುತ್ತೆ ನೋಡಿ. ನಿಮ್ಮ ಮೊಬೈಲು ಒಂದು ತಾಣವನ್ನು ಕೇಳಿದಾಗ, ರೂಟರ್ ಮನೆಯ ಏಕೈಕ ಸಾರ್ವಜನಿಕ ವಿಳಾಸವನ್ನು ಹಾಕಿ ಆಚೆ ಕಳಿಸುತ್ತೆ. ಜೊತೆಗೆ 'ಇಂಥ ಪೋರ್ಟಿಗೆ ಉತ್ತರ ಬಂದರೆ ಇಂಥವರಿಗೆ ಕೊಡಬೇಕು' ಅಂತ ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತೆ. ಉತ್ತರ ಬಂದರೆ ಸರಿಯಾಗಿ ತಲುಪುತ್ತೆ. ಆದರೆ ಹೊರಗಿನವರು ತಾವಾಗೇ ಮೊದಲು ಕರೆದರೆ? ಪುಸ್ತಕದಲ್ಲಿ ಹೆಸರಿಲ್ಲ, ಬಿಸಾಕು! ಅಂದರೆ ನಾವು ಫೋನ್ ಮಾಡಬಹುದು, ನಮಗೆ ಫೋನ್ ಬರೋಲ್ಲ.

ಮೊದಲು ಪೆಟ್ಟು ತಿಂದವು ಹಳೇ ಪದ್ಧತಿಗಳು. 1985ರ ಎಫ್‌ಟಿಪಿ ನಿಯಮದಲ್ಲಿ ಕಡತ ಕಳಿಸಲು ಸರ್ವರೇ ವಾಪಸ್ ನಿಮ್ಮ ಯಂತ್ರವನ್ನು ಕರೆಯುತ್ತಿತ್ತು. ಐಆರ್‌ಸಿ ಹರಟೆಕಟ್ಟೆಗೆ 6667ನೇ ಪೋರ್ಟಿನಲ್ಲಿ ಹೋದರೆ, 'ನೀನ್ಯಾರು?' ಅಂತ ಅದು 113ನೇ ಪೋರ್ಟಿಗೆ ಬಂದು ವಿಚಾರಿಸುತ್ತಿತ್ತು. ಎರಡಕ್ಕೂ ನ್ಯಾಟ್ ಅಡ್ಡ ನಿಂತಿತು. ಇಲ್ಲಿ ನೆರವಿಗೆ ಬಂದದ್ದೇ ನಮ್ಮ ಎರಡು ಉಪಾಯಗಳು.

ಪೋರ್ಟ್ ಫಾರ್ವರ್ಡಿಂಗ್ ಅಂದರೆ ಅಂಗಡಿಯವರಿಗೆ ಕಾಯಂ ಆಗಿ ಹೇಳಿಡೋದು: "8080 ಅಂತ ಯಾರು ಕೇಳಿದರೂ, ಯಾವಾಗ ಕೇಳಿದರೂ ನಮ್ಮನೆಗೇ ಕಳಿಸಿ." ಪೋರ್ಟ್ ಟ್ರಿಗರಿಂಗ್ ಅಂದರೆ ಷರತ್ತಿನ ಮಾತು: "ನಾನು 6667ಕ್ಕೆ ಫೋನ್ ಮಾಡಿದಾಗ ಮಾತ್ರ, 113ಕ್ಕೆ ಬರುವ ಕರೆಯನ್ನು ನನಗೆ ಕೊಡಿ. ಸ್ವಲ್ಪ ಹೊತ್ತು ಸದ್ದಿಲ್ಲದಿದ್ದರೆ ಬಾಗಿಲು ಹಾಕಿ." ಮೊದಲನೆಯದರಲ್ಲಿ ಒಳಗಿನ ಯಂತ್ರದ ವಿಳಾಸ ಬರೆಯಲೇಬೇಕು, ಹಾಗಾಗಿ ಆ ವಿಳಾಸ ದಿನಾ ಬದಲಾಗದಂತೆ ರೂಟರಿನ ಡಿಎಚ್‌ಸಿಪಿ ಪುಟದಲ್ಲಿ ಮೊದಲು ಕಟ್ಟಿಹಾಕಬೇಕು. ಎರಡನೆಯದರಲ್ಲಿ ವಿಳಾಸ ಬೇಡ. ಯಾರು ಮೊದಲು ಕರೆದರೋ ಅವರಿಗೇ ಬಾಗಿಲು, ಆದರೆ ಒಂದು ಹೊತ್ತಿಗೆ ಒಬ್ಬರಿಗೆ ಮಾತ್ರ. ಕೆಲವು ರೂಟರ್‌ಗಳಲ್ಲಿ ಫಾರ್ವರ್ಡಿಂಗ್‌ಗೆ 'ವರ್ಚುವಲ್ ಸರ್ವರ್' ಅಂತ ಹೆಸರಿರುತ್ತೆ, ಹುಡುಕಿ ಸುಸ್ತಾಗಬೇಡಿ. ಸರಿಯಾಯ್ತಾ ಅಂತ ಪರೀಕ್ಷೆ ಮಾಡುವಾಗ ಮನೆಯ ವೈಫೈ ಬಿಟ್ಟು ಮೊಬೈಲ್ ಡೇಟಾದಿಂದ ನೋಡಿ. ಒಳಗಿನಿಂದಲೇ ತನ್ನ ಹೊರಬಾಗಿಲು ತಟ್ಟೋದು ಎಷ್ಟೋ ರೂಟರ್‌ಗಳಿಗೆ ಬರೋಲ್ಲ.

ನಮ್ಮ ನಾಡಿನ ಕಥೆಗೆ ಬರೋಣ. ಹಳ್ಳಿಗೆ ಫೋನ್ ತರಬೇಕು ಅಂತ 1984ರಲ್ಲಿ ಶುರುವಾದ ಸಿ-ಡಾಟ್ ಸಂಸ್ಥೆಯ ಗ್ರಾಮೀಣ ಎಕ್ಸ್‌ಚೇಂಜ್ ಮೊದಲು ಕೆಲಸ ಮಾಡಿದ್ದು 1986ರಲ್ಲಿ, ನಮ್ಮ ಚೆನ್ನಮ್ಮನ ಕಿತ್ತೂರಿನಲ್ಲಿ. ಅದು 128 ಪೋರ್ಟಿನ ಯಂತ್ರ. ಅಲ್ಲೂ ಪೋರ್ಟ್ ಅನ್ನೋದೇ ಮಾತು, ಅಲ್ಲಿ ಒಂದೊಂದು ಪೋರ್ಟೂ ಒಂದು ತಂತಿ. ಆಮೇಲೆ 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಅಂತರ್ಜಾಲ ತೆರೆಯಿತು, 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್‌ನ ಡೇಟಾವನ್ ಬಂತು. ಅಂದರೆ ನ್ಯಾಟ್ ಹುಟ್ಟಿದ ಮೇಲೇ ನಾವು ಜಾಲಕ್ಕೆ ಬಂದವರು. ಎಲ್ಲರೂ ಸಮಾನರಾಗಿದ್ದ ಆ ಮೊದಲ ಹತ್ತು ವರ್ಷಗಳ ಸುಖವನ್ನು ನಾವು ನೋಡಲೇ ಇಲ್ಲ.

2011ರ ಫೆಬ್ರವರಿ 3ರಂದು ಜಾಗತಿಕ ಉಗ್ರಾಣದ ಕೊನೆಯ ಐದು ಕಂತೆಗಳನ್ನೂ ಹಂಚಿ ಮುಗಿಸಿದರು. ಏಪ್ರಿಲ್‌ನಲ್ಲಿ ನಮ್ಮ ಏಷ್ಯಾ ಪೆಸಿಫಿಕ್ ವಲಯದಲ್ಲೂ ರೇಷನ್ ಶುರು. ಮೊದಲು ಬಂದವರಿಗೆ ಹೋಬಳಿ, ತಡವಾಗಿ ಬಂದವರಿಗೆ ಗೇಣುದ್ದ ಜಾಗ! ಆಗ ಸೇವಾದಾರ ಕಂಪನಿಗಳು ತಾವೇ ಇನ್ನೊಂದು ನ್ಯಾಟ್ ಕಟ್ಟಿಕೊಂಡವು. ಅದಕ್ಕೆಂದೇ 2012ರ ಏಪ್ರಿಲ್‌ನಲ್ಲಿ 100.64ರಿಂದ 100.127ರ ತನಕದ ಸುಮಾರು 42 ಲಕ್ಷ ವಿಳಾಸಗಳನ್ನು ತೆಗೆದಿಟ್ಟರು. ಇದು ಅಂಗಡಿಯ ಫೋನಿಗೇ ಇನ್ನೊಂದು ಪಿ.ಪಿ. ನಂಬರ್ ಆದ ಹಾಗೆ.

ಇದರ ಫಲವನ್ನು ನಾನು ಯಗಟಿಯಲ್ಲೇ ನೋಡಿದೆ. ತೆಂಗಿನ ತೋಟದ ಮನೆಯಲ್ಲಿ ಒಂದು ಕ್ಯಾಮೆರಾ ಇದೆ. ಬೆಂಗಳೂರಿನಿಂದ ನೇರವಾಗಿ ನೋಡೋಣ ಅಂತ ಫಾರ್ವರ್ಡಿಂಗ್ ಬರೆದರೆ, ಎಲ್ಲ ಸರಿಯಿದ್ದರೂ ಕರೆ ಬರೋಲ್ಲ. ರೂಟರಿನ ವ್ಯಾನ್ ವಿಳಾಸ ನೋಡಿದರೆ 100.8x! ನಮ್ಮ ರೂಟರಿಗೆ ನಾವೆಷ್ಟು ಹೇಳಿದರೂ, ಅದರ ಮೇಲಿನ ಕಂಪನಿಯ ನ್ಯಾಟ್‌ಗೆ ಹೇಳೋ ಅಧಿಕಾರ ನಮಗಿಲ್ಲ. ನೀವೂ ಪೋರ್ಟ್ ತೆರೆಯೋ ಮುಂಚೆ ಇದೊಂದನ್ನು ನೋಡಿಕೊಳ್ಳಿ. ಅಲ್ಲಿ 100.64ರಿಂದ 100.127ರ ಒಳಗಿನ ವಿಳಾಸವೋ, 10ರಿಂದ ಶುರುವಾಗುವ ವಿಳಾಸವೋ ಇದ್ದರೆ ಫಾರ್ವರ್ಡಿಂಗೂ ಇಲ್ಲ, ಟ್ರಿಗರಿಂಗೂ ಇಲ್ಲ. ಹೆಚ್ಚಿಗೆ ದುಡ್ಡು ಕೊಟ್ಟು ಸ್ಥಿರ ಸಾರ್ವಜನಿಕ ವಿಳಾಸ ಕೇಳಬೇಕು, ಇಲ್ಲವೇ ಆರನೇ ಆವೃತ್ತಿಗೆ ಹೋಗಬೇಕು.

'ಬಾಗಿಲು ಮುಚ್ಚಿದ್ದರೆ ಒಳ್ಳೇದೇ ಅಲ್ವಾ, ಕಳ್ಳರು ಬರೋಲ್ಲ' ಅನ್ನಬಹುದು ನೀವು. ನಿಜವೇ. 2016ರಲ್ಲಿ ಮಿರಾಯ್ ಅನ್ನೋ ದುಷ್ಟ ತಂತ್ರಾಂಶ, ಕಂಪನಿ ಕೊಟ್ಟ ಪಾಸ್‌ವರ್ಡ್ ಬದಲಾಯಿಸದೆ ಜಾಲಕ್ಕೆ ತೆರೆದಿಟ್ಟ ಕ್ಯಾಮೆರಾಗಳನ್ನೇ ಸೈನ್ಯ ಮಾಡಿಕೊಂಡು, ಅಕ್ಟೋಬರ್ 21ರಂದು ಅಮೆರಿಕದಲ್ಲಿ ಟ್ವಿಟರ್‌ನಂಥ ದೊಡ್ಡ ತಾಣಗಳೂ ಸಿಗದಂತೆ ಮಾಡಿತು. ಹಾಗಾಗಿ ಬಾಗಿಲು ತೆರೆಯುವವರು ಬೀಗವನ್ನೂ ಬದಲಾಯಿಸಲೇಬೇಕು. ಆದರೆ ಬಾಗಿಲಿಗೆ ಬೀಗ ಹಾಕೋದು ಬೇರೆ, ಮನೆಗೆ ಬಾಗಿಲೇ ಇಲ್ಲದಿರೋದು ಬೇರೆ. ಬೀಗದ ಕೈ ಯಾರ ಹತ್ತಿರ ಇದೆ ಅನ್ನೋದೇ ಇಲ್ಲಿನ ಪ್ರಶ್ನೆ.

ಬ್ಲಾಗಿಗರಾದ ನಮಗೆ ಇದು ಬರೀ ಕ್ಯಾಮೆರಾದ ವಿಷಯ ಅಲ್ಲ. ನಾವು ಬರೆಯೋದೆಲ್ಲ ಯಾರದೋ ಪುಕ್ಕಟೆ ಜಗಲಿಯ ಮೇಲೆ. 2009ರಲ್ಲಿ ಜಿಯೋಸಿಟೀಸ್ ಮುಚ್ಚಿತು, 2014ರ ಸೆಪ್ಟೆಂಬರ್ 30ಕ್ಕೆ ಆರ್ಕುಟ್ ಮುಚ್ಚಿತು, ಅಲ್ಲಿನ ಕನ್ನಡ ಹರಟೆಗಳೂ ಅದರೊಂದಿಗೇ ಹೋದವು. ಸ್ವಂತ ಮನೆಯ ಒಂದು ಪುಟ್ಟ ಯಂತ್ರದಲ್ಲಿ ಬ್ಲಾಗ್ ಇಟ್ಟುಕೊಳ್ಳಲು ಬೇಕಾದ ವೇಗ ಈಗ ಹಳ್ಳಿಯ ಫೈಬರಿನಲ್ಲೂ ಇದೆ. ಇಲ್ಲದಿರೋದು ಕರೆಸಿಕೊಳ್ಳೋ ವಿಳಾಸ.

ಸಮಾಧಾನದ ಸಂಗತಿ, ಆರನೇ ಆವೃತ್ತಿಯ ಬಳಕೆಯಲ್ಲಿ ಭಾರತ ಈಗ ಜಗತ್ತಿನ ಮುಂಚೂಣಿಯಲ್ಲಿದೆ. ಅಲ್ಲಿ ಪ್ರತಿ ಯಂತ್ರಕ್ಕೂ ಸ್ವಂತ ವಿಳಾಸ, ಫಾರ್ವರ್ಡಿಂಗ್ ಬೇಕಿಲ್ಲ. ಫೈರ್‌ವಾಲ್‌ನಲ್ಲಿ 'ಈ ಯಂತ್ರದ ಈ ಪೋರ್ಟಿಗೆ ಬಿಡು' ಅಂತ ಒಂದು ಸಾಲು ಬರೆದರೆ ಸಾಕು. ಆದರೆ ಆ ಸಾಲು ಬರೆಯೋ ಪುಟವನ್ನೇ ಎಷ್ಟೋ ಮನೆ ರೂಟರ್‌ಗಳಲ್ಲಿ ಬಚ್ಚಿಟ್ಟಿರುತ್ತಾರೆ. ನಿಮ್ಮ ರೂಟರಿನಲ್ಲಿ ಆ ಪುಟ ಇದೆಯಾ? ವ್ಯಾನ್ ವಿಳಾಸ ಯಾವುದರಿಂದ ಶುರುವಾಗುತ್ತೆ? ಒಮ್ಮೆ ನೋಡಿ ತಿಳಿಸಿ. ಯಾವ ಊರಿನವರಿಗೆ ಬಾಗಿಲಿದೆ, ಯಾವ ಊರಿನವರಿಗಿಲ್ಲ ಅಂತ ಒಂದು ಪಟ್ಟಿಯನ್ನಾದರೂ ಮಾಡೋಣ.